ಮಂಡಿಪೇಟೆ ಕಡೆಯ ಕಾಗದದ ಅಂಗಡಿ, ಅಲ್ಲಿನ ಭಾನುವಾರದ ಹೆಣೆದ ಹಾರ್ಟಿನ ಕ್ಲಾಸು: ಹೋಗಿ ಕಲ್ತು ಬಂದೋಳ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ಐದು ಕೊಟ್ಟಿದ್ದೀನಿ. ಒಂದೆರಡು ಕೊರತೆ ಇದಾವೆ, ಅವನ್ನೂ ಮುಚ್ಚಿಡದೆ ಕೆಳಗೆ ಬರ್ದಿದ್ದೀನಿ, ಆದ್ರೂ ಐದೇ. ನಮ್ಮ ದಾವಣಗೆರೆಯಲ್ಲಿ ದೋಸೆ ಹೋಟ್ಲಿಗೆ ನೂರಾರು ಜನ ರಿವ್ಯೂ ಬರೀತಾರೆ, ಬೆಣ್ಣೆ ಚೆನ್ನಾಗಿತ್ತು ಪಲ್ಯ ಕಮ್ಮಿ ಹಾಕಿದ್ರು ಅಂತ, ಆದ್ರೆ ಈ ಥರ ಓಣಿಯೊಳಗಿರೋ ಕಾಗದದ ಅಂಗಡಿ ಬಗ್ಗೆ ಯಾರೂ ಒಂದು ಸಾಲು ಬರೆಯಲ್ಲ, ಹಾಗಾಗಿ ನಾನು ಸ್ವಲ್ಪ ಉದ್ದಕ್ಕೇ ಬರೀತೀನಿ, ಪುರುಸೊತ್ತಿದ್ದಾಗ ಓದಿ.

ವಿಷಯ ಏನಂದ್ರೆ ಕಾಗದದ ಪಟ್ಟಿ ಹೆಣೆದು ಮಾಡೋ ಹಾರ್ಟು. ನೋಡಿರ್ತೀರಿ, ಕೆಂಪು ಬಿಳಿ ಚೌಕಳಿ ಚೌಕಳಿ ಇರತ್ತೆ, ಮೇಲೆ ಎರಡು ಗುಂಡನೆ ತುದಿ, ಕೆಳಗೆ ಚೂಪು, ಒಂದು ಹಿಡಿಕೆ, ಕ್ರಿಸ್ಮಸ್ ಗಿಡಕ್ಕೆ ನೇತು ಹಾಕ್ತಾರೆ. ಫೋಟೋದಲ್ಲಿ ನೋಡಿದ್ರೆ ಬರೀ ಅಲಂಕಾರದ ವಸ್ತು ಅನ್ಸತ್ತೆ. ಕೈಯಲ್ಲಿ ಹಿಡಿದು ಮೇಲುಗಡೆಯಿಂದ ಬೆರಳು ಹಾಕಿ ಬಿಡಿಸಿದಾಗ್ಲೇ ಗೊತ್ತಾಗೋದು, ಅದು ಚೀಲ ಅಂತ. ಗೋಂದಿಲ್ಲ, ಪಿನ್ನಿಲ್ಲ, ಹೊಲಿಗೆ ಇಲ್ಲ, ಬರೀ ಎರಡು ತುಂಡು ಕಾಗದ ಒಂದನ್ನೊಂದು ಹಿಡ್ಕೊಂಡು ಒಂದು ಹಿಡಿ ಕಡ್ಲೆಬೀಜ ಹೊರೋವಷ್ಟು ಗಟ್ಟಿ ಚೀಲ ಆಗಿರತ್ತೆ. "ಬಾಯಿ ಬಿಡದ ಹಾರ್ಟು ಹಾರ್ಟಲ್ಲ ತಂಗಿ" ಅಂತ ಈ ಅಂಗಡಿಯಲ್ಲಿ ಕ್ಲಾಸು ಕಲಿಸೋ ಅಮ್ಮ ಹೇಳ್ತಾರೆ. ಆ ಮಾತಿನ ಬೆಲೆ ನನಗೆ ಗೊತ್ತಾಗಿದ್ದು ದುಡ್ಡು ಕಳ್ಕೊಂಡ ಮೇಲೆ.

ನನ್ನ ಮಗಳು ನಾಲ್ಕನೇ ಕ್ಲಾಸು. ಡಿಸೆಂಬರ್ ಶುರುವಲ್ಲಿ ಸ್ಕೂಲಿಂದ ಕೈಕೆಲಸಕ್ಕೆ ಇದನ್ನ ಮಾಡ್ಕೊಂಡು ಬರೋಕೆ ಹೇಳಿದ್ರು, ನಾನು ಆಫೀಸಿಂದ ಬರೋದೇ ಏಳು ಗಂಟೆ ಆಗತ್ತೆ, ಅಂಗಡಿ ಸುತ್ತೋಕೆ ಟೈಮಿಲ್ಲ ಅಂತ ಆನ್‌ಲೈನಲ್ಲಿ ಒಂದು ಕಿಟ್ ತರಿಸ್ದೆ. ಯಾವ ಕಂಪನಿ ಅಂತ ಇಲ್ಲಿ ಬರೆಯಲ್ಲ. 349 ರೂಪಾಯಿ, ಹತ್ತು ಹಾರ್ಟಿಗಾಗೋಷ್ಟು ಮೊದ್ಲೇ ಕಟ್ ಮಾಡಿರೋ ತುಂಡುಗಳು. ಡಬ್ಬಿ ತುಂಬಾ ಚೆನ್ನಾಗಿತ್ತು, ಮಗಳು ರಾತ್ರಿ ಅದನ್ನ ದಿಂಬಿನ ಪಕ್ಕ ಇಟ್ಕೊಂಡು ಮಲಗಿದ್ಲು. ಮಾರನೇ ದಿನ ಇಬ್ರೂ ಕೂತ್ವಿ. ಮೊದಲ ಪಟ್ಟಿ ಹೋಯ್ತು, ಎರಡನೇದು ಹೋಯ್ತು, ಮೂರನೇದು ಅಂದ್ರೆ ಕೊನೇದು ಏನು ಮಾಡಿದ್ರೂ ಹೋಗ್ಲಿಲ್ಲ. ಕಾಗದ ಲಗ್ನಪತ್ರಿಕೆ ಥರ ದಪ್ಪ. ಎಳೆದ್ರೆ ಇಡೀ ಹಾರ್ಟು ತಟ್ಟೆ ಬಗ್ಗಿದ ಹಾಗೆ ಉಬ್ಬತ್ತೆ, ಇನ್ನೂ ಎಳೆದ್ರೆ ಸೀಳಿನ ತುದಿಯಲ್ಲಿ ಹರಿಯತ್ತೆ. ಕಿಟ್ ಒಳಗೆ ಒಂದು ಗೋಂದಿನ ಟ್ಯೂಬ್ ಇತ್ತು, ಯಾಕಪ್ಪಾ ಅಂತ ಆಗ ಅರ್ಥ ಆಯ್ತು, ಕೊನೇ ಪಟ್ಟೀನ ಮೇಲೆ ಇಟ್ಟು ಅಂಟಿಸ್ಬಿಡಿ ಅಂತ. ಅಂಟಿಸಿದ್ವಿ. ಹಾರ್ಟಿನ ಆಕಾರ ಬಂತು, ಬಾಯಿ ಬಿಡ್ಲಿಲ್ಲ. ಅಷ್ಟೇ ಅಲ್ಲ, ಮಗಳ ಬೆರಳಿನ ಬೆವರಿಗೆ ಕೆಂಪು ಬಣ್ಣ ಬಿಟ್ಟು ಬಿಳಿ ಚೌಕಗಳ ಮೇಲೆಲ್ಲ ಗುಲಾಬಿ ಗುರುತು. ಅವಳು ಅಳ್ಲಿಲ್ಲ, ಡಬ್ಬಿ ಮುಚ್ಚಿ ಮಂಚದ ಕೆಳಗೆ ತಳ್ಳಿದ್ಲು, ಅದು ನೋಡಿ ನನಗೆ ಜಾಸ್ತಿ ಬೇಜಾರಾಯ್ತು. ವಾಪಸ್ ಕಳಿಸ್ತೀನಿ ಅಂದ್ರೆ ಪ್ಯಾಕ್ ಓಪನ್ ಆಗಿದೆ ತಗೊಳ್ಳಲ್ಲ ಅಂದ್ರು.

ನಮ್ಮ ಪಕ್ಕದ ಮನೆ ಅಕ್ಕ ಪ್ರತಿ ವರ್ಷ ಸೆಪ್ಟೆಂಬರಲ್ಲಿ ಹರಿಹರದ ಆರೋಗ್ಯಮಾತೆ ಹಬ್ಬಕ್ಕೆ ತಪ್ಪದೆ ಹೋಗೋರು, ಕ್ರಿಸ್ಮಸ್ಸಿಗೆ ಅವರ ಮನೆ ಗೋದಲಿ ನೋಡೋಕೆ ಇಡೀ ಬೀದಿ ಮಕ್ಕಳು ಹೋಗ್ತಾರೆ. ಅವರೇ ಹೇಳಿದ್ದು, ಮಂಡಿಪೇಟೆ ಕಡೆ ಒಂದು ಬೈಂಡಿಂಗ್ ಅಂಗಡಿ ಇದೆ ಕಣೇ, ಯಜಮಾನ್ರು ಕಾಗದ ಮಾರ್ತಾರೆ, ಅವರ ಮನೆಯವ್ರು ನರ್ಸರಿ ಟೀಚರ್ ಆಗಿದ್ದೋರು, ಭಾನುವಾರ ಮಾಳಿಗೆ ಮೇಲೆ ಕಲಿಸ್ತಾರೆ ಹೋಗು ಅಂತ. ಚೌಕಿಪೇಟೆಯಿಂದ ಬರೋವಾಗ ಸಣ್ಣ ಓಣಿ, ಗಾಡಿ ಒಳಗೆ ಹೋಗಲ್ಲ, ಮೇನ್ ರೋಡಲ್ಲೇ ಎಲ್ಲಾದ್ರೂ ನಿಲ್ಲಿಸಿ ನಡ್ಕೊಂಡು ಹೋಗ್ಬೇಕು. ಬೋರ್ಡಲ್ಲಿ ಪೇಪರ್ ಮತ್ತು ಬೈಂಡಿಂಗ್ ಅಂತಷ್ಟೇ ಬರ್ದಿದೆ, ಅದೂ ಅರ್ಧ ಮಾಸಿದೆ, ಕಣ್ಣಿಗೆ ಬೀಳೋ ಮೊದ್ಲು ಮೂಗಿಗೆ ಬೀಳತ್ತೆ, ಮೈದಾ ಅಂಟಿನ ವಾಸನೆ, ಮೈಲುತುತ್ತ ಹಾಕಿ ಕುದಿಸ್ತಾರಲ್ಲ ಆ ವಾಸನೆ.

ಅಜ್ಜಾರು (ಯಜಮಾನ್ರಿಗೆ ಎಲ್ಲರೂ ಹಾಗೇ ಅನ್ನೋದು) ನಾನು ತಗೊಂಡು ಹೋದ ಆ ಅಂಟಿಸಿದ ಹಾರ್ಟನ್ನ ಕೈಯಲ್ಲಿ ಹಿಡ್ಕೊಂಡು ತಿರುಗಿಸಿ ನೋಡಿದ್ರು. ಬೈಲಿಲ್ಲ, ನಗ್ಲಿಲ್ಲ. ಸ್ಕೇಲ್ ತಗೊಂಡು ಸೀಳಿನ ಉದ್ದ ಅಳೆದ್ರು, ಎಂಟು ಸೆಂಟಿಮೀಟರ್. ತುಂಡಿನ ಅಗಲ ಅಳೆದ್ರು, ಅದೂ ಎಂಟು. "ಇಲ್ಲೇ ತಪ್ಪೈತಿ ನೋಡವ್ವಾ, ಸಮ ಸಮ ಕತ್ತರಿಸ್ಯಾರೆ. ಕಾಗದಕ್ಕೂ ದಪ್ಪ ಅಂತ ಒಂದು ಇರತೈತಲ್ಲ, ಅದಕ್ಕೆ ಜಾಗ ಯಾರು ಕೊಡ್ಬೇಕು?" ಅಂದ್ರು. ಒಂದು ಪಟ್ಟಿ ಇನ್ನೊಂದರ ಹೊಟ್ಟೆಯೊಳಗೆ ಹೋಗಿ ಬರ್ಬೇಕು ಅಂದ್ರೆ ಸೀಳು ಅಗಲಕ್ಕಿಂತ ಮೂರು ನಾಲ್ಕು ಮಿಲಿಮೀಟರ್ ಉದ್ದ ಇರ್ಲೇಬೇಕು, ಒಂಬತ್ತು ಸೆಂಟಿಮೀಟರ್ ಅಗಲ ಆದ್ರೆ ಸೀಳು ಒಂಬತ್ತೂ ಕಾಲಿನಿಂದ ಒಂಬತ್ತೂವರೆ. ಕಾಗದ ದಪ್ಪ ಆದಷ್ಟೂ ಇನ್ನೂ ಸ್ವಲ್ಪ ಜಾಸ್ತಿ. ಇಷ್ಟೇ ವಿಷಯ. ಈ ಮೂರು ಮಿಲಿಮೀಟರಿಗೆ ನನ್ನ ಮಗಳು ಒಂದು ವಾರ ತನ್ನ ಕೈಯಲ್ಲಿ ಏನೂ ಆಗಲ್ಲ ಅಂದ್ಕೊಂಡಿದ್ಲು.

ಕಾಗದದ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಅಂಗಡಿಯ ಅಸಲಿ ಸರಕು ಅದೇ. ಕೆಂಪು, ಬಿಳಿ, ಹಸಿರು, ಹಳದಿ ಗ್ಲೇಜ್ ಪೇಪರ್ ದೊಡ್ಡ ದೊಡ್ಡ ಹಾಳೆಯಲ್ಲೇ ಇಟ್ಟಿದ್ದಾರೆ, ಒಂದು ಕಡೆ ಮಾತ್ರ ಬಣ್ಣ, ಹಿಂದೆ ಬಿಳಿ. ಜಾತ್ರೆಯಲ್ಲಿ ಬಾಸಿಂಗ ಮಾಡೋ ಬ್ಯಾಗಡಿ ಕಾಗದಾನೂ ಇದೆ, ಮಗಳು ಅದೇ ಬೇಕು ಅಂದ್ಲು, ಅಜ್ಜಾರು ಒಂದು ಚೂರು ಹರಿದು ಕೊಟ್ಟು "ಮಡಚು" ಅಂದ್ರು, ಮಡಿಕೆಯಲ್ಲಿ ಬೆಳ್ಳಿ ಬಣ್ಣ ಬಿರುಕು ಬಿಟ್ಟಿತು, ಅವಳೇ ಬೇಡ ಅಂದ್ಲು. ಆಮೇಲೆ ಅವರು ತೋರಿಸಿದ ಒಂದು ವಿಷಯ ನಾನು ಇಷ್ಟು ವರ್ಷ ಕಾಗದದ ಜೊತೆ ಆಫೀಸಲ್ಲಿ ಕೆಲಸ ಮಾಡಿದ್ರೂ ಗಮನಿಸಿರ್ಲಿಲ್ಲ. ಯಾವ ಹಾಳೆ ಆದ್ರೂ ಅದಕ್ಕೆ ನಾರು ಒಂದು ದಿಕ್ಕಿಗೆ ಹರಿದಿರತ್ತೆ. ಉದ್ದಕ್ಕೆ ಹರಿದು ನೋಡಿ, ಅಡ್ಡಕ್ಕೆ ಹರಿದು ನೋಡಿ, ಒಂದು ಕಡೆ ನೆಟ್ಟಗೆ ಹರಿಯತ್ತೆ, ಇನ್ನೊಂದು ಕಡೆ ಸೊಟ್ಟಸೊಟ್ಟ. ನೆಟ್ಟಗೆ ಹರಿಯೋ ದಿಕ್ಕಿಗೆ ಮಡಚಿದ್ರೆ ಮಡಿಕೆ ಚೆನ್ನಾಗಿ ಕೂರತ್ತೆ, ಬಣ್ಣ ಒಡೆಯಲ್ಲ. ಸೀಳು ಅದಕ್ಕೆ ಅಡ್ಡ ಬರತ್ತಲ್ಲ, ಹಾಗಾಗಿ ಎಳೆದಾಗ ಸೀಳಿನ ತುದಿಯಿಂದ ಕಾಗದ ಸರ್ರನೆ ಹರ್ಕೊಂಡು ಹೋಗಲ್ಲ. ಇವರ ಹತ್ರ ಕ್ಲಾಸಿಗೆ ಕೊಡೋ ತುಂಡುಗಳೆಲ್ಲ ಇದನ್ನ ನೋಡ್ಕೊಂಡೇ ಕತ್ತರಿಸಿದ್ದು. ಯಾರೂ ಕೇಳಲ್ಲ, ಯಾರಿಗೂ ಕಾಣಲ್ಲ, ಆದ್ರೂ ಮಾಡ್ತಾರೆ. ನನಗೆ ಐದು ಸ್ಟಾರ್ ಇಲ್ಲೇ ಬಂತು.

ಇನ್ನು ಕ್ಲಾಸು. ಭಾನುವಾರ ಹತ್ತೂವರೆಯಿಂದ ಒಂದು ಗಂಟೆವರೆಗೆ, ಮಾಳಿಗೆ ಮೇಲೆ, ನೆಲದ ಮೇಲೆ ಈಚಲು ಚಾಪೆ. ಒಂದು ಸಲಕ್ಕೆ ಎಂಟೇ ಜನ, ಮಕ್ಕಳು ದೊಡ್ಡೋರು ಅಂತ ಭೇದ ಇಲ್ಲ. ನಮ್ಮ ಬ್ಯಾಚಲ್ಲಿ ಒಬ್ರು ರಿಟೈರ್ಡ್ ಕಂಡಕ್ಟರ್ ಇದ್ರು, ಮೊಮ್ಮಗಳ ಜೊತೆ ಬಂದಿದ್ರು. ಅಮ್ಮ ಮೊದಲು ಕತ್ತರಿ ಕೊಡಲ್ಲ. ಈಚಲು ಚಾಪೆ ಮೇಲೇ ಬೆರಳಿಟ್ಟು ತೋರಿಸ್ತಾರೆ, ಈ ಗರಿ ಮೇಲೆ, ಈ ಗರಿ ಕೆಳಗೆ, ಚಾಪೆ ಹೆಣೆಯೋದು ಹೀಗೆ. ಹಾರ್ಟನ್ನ ಹೀಗೆ ಹೆಣೆದ್ರೆ ಚಾಪೆ ಆಗತ್ತೆ, ಚೀಲ ಆಗಲ್ಲ. ಯಾಕಂದ್ರೆ ಹಾರ್ಟಿನ ಪಟ್ಟಿ ಒಂಟಿ ಅಲ್ಲ, ಮಡಚಿದ ಜೋಡಿ ಪದರ. ಇಲ್ಲಿ ಮೇಲೆ ಕೆಳಗೆ ಅನ್ನೋದೇ ಇಲ್ಲ, ಒಳಗೆ ಹೊರಗೆ ಅಂತ ಮಾತ್ರ ಇರೋದು. ಕೆಂಪು ಪಟ್ಟಿ ಬಿಳಿ ಪಟ್ಟಿಯ ಎರಡು ಪದರದ ನಡುವೆ ಹೋಗ್ಬೇಕು, ಮುಂದಿನ ಬಿಳಿ ಪಟ್ಟಿ ಕೆಂಪಿನ ಎರಡು ಪದರದ ನಡುವೆ ಬರ್ಬೇಕು, ಮತ್ತೆ ಕೆಂಪು ಬಿಳಿಯೊಳಗೆ. ಮಕ್ಕಳಿಗೆ ಇದನ್ನ "ನುಂಗು" ಅಂತ ಹೇಳ್ಕೊಡ್ತಾರೆ. ಬಿಳಿ ಕೆಂಪನ್ನ ನುಂಗ್ತು, ಕೆಂಪು ಬಿಳೀನ ನುಂಗ್ತು, ಬಿಳಿ ಕೆಂಪನ್ನ ನುಂಗ್ತು. ಎರಡನೇ ಸಾಲು ಉಲ್ಟಾ, ಮೊದಲು ಕೆಂಪೇ ನುಂಗ್ಬೇಕು. ಮೂರನೇದು ಮತ್ತೆ ಮೊದಲಿನ ಥರ. ಮೂರು ಪಟ್ಟಿ ಮೂರು ಪಟ್ಟಿ, ಒಂಬತ್ತು ಸಲ ನುಂಗಿದ್ರೆ ಒಂಬತ್ತು ಚೌಕ. ಎಂಟೂ ಜನ ಒಟ್ಟಿಗೆ ನುಂಗ್ತು ನುಂಗ್ತು ಅಂತ ಹೇಳ್ಕೊಂಡು ಮಾಡ್ತಿದ್ರೆ ಮನೆಯೆಲ್ಲ ಮಗ್ಗಿ ಹೇಳಿದ ಹಾಗೆ ಕೇಳ್ತಿತ್ತು.

ಒಂದೇ ಒಂದು ಕಡೆ ನುಂಗೋ ಬದಲು ಮೇಲಿಂದ ದಾಟಿಸಿದ್ರೆ ಅಷ್ಟೇ, ಆ ಚೌಕದಲ್ಲಿ ಚೀಲಕ್ಕೆ ಬೀಗ ಬೀಳತ್ತೆ, ಮುಂದುಗಡೆಯಿಂದ ನೋಡೋಕೆ ಏನೂ ವ್ಯತ್ಯಾಸ ಗೊತ್ತಾಗಲ್ಲ, ಬೆರಳು ಹಾಕಿದಾಗ ತಡೆಯತ್ತೆ. ಅಮ್ಮ ಪ್ರತಿಯೊಬ್ಬರ ಹಾರ್ಟನ್ನೂ ಬೆರಳು ಹಾಕಿ ನೋಡ್ತಾರೆ, ಎಲ್ಲಿ ತಡೀತೋ ಅಲ್ಲಿ ಪೆನ್ಸಿಲಲ್ಲಿ ಸಣ್ಣ ಚುಕ್ಕಿ ಇಟ್ಟು ವಾಪಸ್ ಕೊಡ್ತಾರೆ, ತಾವು ಬಿಚ್ಚಿ ಸರಿ ಮಾಡಲ್ಲ. ನೀವೇ ಬಿಚ್ಚಿ ನೀವೇ ಮಾಡ್ಬೇಕು.

ಕೊನೇ ಪಟ್ಟಿ ಹೇಳ್ತೀನಿ. ಎಲ್ಲರ ಕೈ ನಿಲ್ಲೋದು ಅಲ್ಲೇ. ಮೊದಲ ಎರಡು ಪಟ್ಟಿ ಹಾಕಿದ ಮೇಲೆ ಅವನ್ನ ಮೇಲಕ್ಕೆ, ಗುಂಡು ತುದಿಯ ಕಡೆಗೆ, ನಿಧಾನಕ್ಕೆ ಸರಿಸಿ ಕೂರಿಸ್ಬೇಕು, ಅವು ಎಷ್ಟು ಒತ್ತಾಗಿ ಕೂರ್ತವೋ ಅಷ್ಟು ಜಾಗ ಕೊನೇದಕ್ಕೆ ಸಿಗತ್ತೆ. ಮಗಳು ನಾಲಿಗೆ ಕಚ್ಕೊಂಡು ಕೂತಿದ್ಲು. ಪಟ್ಟಿಯ ಮಡಿಕೆ ತುದೀನ ಹೆಬ್ಬೆರಳು ತೋರುಬೆರಳಲ್ಲಿ ಸ್ವಲ್ಪ ಚಿಮುಟಿ ದುಂಡಗೆ ಮಾಡಿ, ಬಿಳಿ ಪದರದ ಬಾಯೊಳಗೆ ತೂರಿಸಿ, ಎಳೆಯದೆ, ಆ ಕಡೆಯಿಂದ ಇನ್ನೊಂದು ಬೆರಳಲ್ಲಿ ಬರಮಾಡ್ಕೋಬೇಕು. "ಎಳೀಬ್ಯಾಡ, ಕರಿ, ಬರತೈತಿ" ಅಂತ ಅಮ್ಮ ಹಿಂದೆ ನಿಂತು ಹೇಳಿದ್ರು. ಬಂತು. ಟಕ್ ಅಂತ ಒಂದು ಸಣ್ಣ ಸದ್ದು ಆಗತ್ತೆ ಕಾಗದ ಕೂತಾಗ. ಅವಳು ಬೆರಳು ಹಾಕಿ ಬಿಡಿಸಿದ್ಲು, ಒಳಗೆ ಪೂರ್ತಿ ಬಿಳಿ, ಹೊರಗೆ ಕೆಂಪು ಬಿಳಿ, ಒಳಗಿನ ಬಿಳಿಯೊಳಗೆ ಮುಖ ಇಟ್ಟು ನೋಡಿದ್ಲು, ಆಮೇಲೆ ನನ್ನ ಕಡೆ ನೋಡಿದ್ಲು. ನನ್ನ ಹತ್ರ ಆ ಮುಖದ ಫೋಟೋ ಇಲ್ಲ, ನನ್ನ ಎರಡೂ ಕೈ ನನ್ನ ಹಾರ್ಟಲ್ಲಿ ಸಿಕ್ಕಿದ್ವು.

ಇದರ ಕತೇನೂ ಅಮ್ಮ ಹೇಳ್ತಾರೆ, ಕೈ ಓಡ್ತಾ ಇರೋವಾಗ್ಲೇ. ಇದು ಡೆನ್ಮಾರ್ಕ್ ದೇಶದ್ದು, ಅಲ್ಲಿ ಇದಕ್ಕೆ ಕ್ರಿಸ್ಮಸ್ ಹೃದಯ ಅಂತಲೇ ಹೆಸರು, ನಾರ್ವೆ ಕಡೆ ಕ್ರಿಸ್ಮಸ್ ಬುಟ್ಟಿ ಅಂತಾರೆ. ಬುಟ್ಟಿ ಅನ್ನೋ ಹೆಸರೇ ನನಗೆ ಸರಿ ಅನ್ಸಿದ್ದು. ಈಗ ಸಿಕ್ಕಿರೋದ್ರಲ್ಲಿ ಎಲ್ಲಕ್ಕಿಂತ ಹಳೇದನ್ನ ಮಾಡಿದ್ದು ಮಕ್ಕಳ ಕತೆಗಳ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಅಂತೆ, 1860ರ ಸುಮಾರಿನದು, ಆತ ಹುಟ್ಟಿದ ಓಡೆನ್ಸೆ ಊರಿನ ಮ್ಯೂಸಿಯಮ್ಮಲ್ಲಿ ಇಟ್ಟಿದ್ದಾರೆ. ಆತ ಚಮ್ಮಾರನ ಮಗ, ಕತ್ತರಿ ಕೈಯಲ್ಲಿ ಹಿಡ್ಕೊಂಡು ಕಾಗದ ಕತ್ತರಿಸ್ತಾ ಕತ್ತರಿಸ್ತಾನೇ ಮಕ್ಕಳಿಗೆ ಕತೆ ಹೇಳ್ತಿದ್ದ, ಕತೆ ಮುಗಿದಾಗ ಕಾಗದ ಬಿಚ್ಚಿದ್ರೆ ಹಂಸ, ಕುಣಿಯೋ ಹುಡುಗೀರು, ಕೋಟೆ. ಹಾಗಂತ ಹಾರ್ಟನ್ನ ಅವನೇ ಕಂಡುಹಿಡಿದ ಅಂತ ಅಮ್ಮ ಹೇಳಲ್ಲ, ಉಳಿದಿರೋದ್ರಲ್ಲಿ ಹಳೇದು ಅವನದು ಅಷ್ಟೇ ಅಂತಾರೆ, ಈ ಥರ ಅಳೆದು ಮಾತಾಡೋರು ಸಿಗೋದು ಕಷ್ಟ. 1871ರಲ್ಲಿ ಅಲ್ಲಿನ ಒಂದು ಗೃಹಕೈಗಾರಿಕೆ ಪತ್ರಿಕೆಯಲ್ಲಿ ಮಾಡೋ ಕ್ರಮ ಅಚ್ಚಾಯ್ತು, ಆದ್ರೂ ಮನೆಮನೆಗೆ ಹೋಗಿದ್ದು 1900 ದಾಟಿದ ಮೇಲೆ. ಶಿಶುವಿಹಾರದಲ್ಲಿ ಮಕ್ಕಳ ಬೆರಳು ಪಳಗ್ಲಿ ಅಂತ ಗ್ಲೇಜ್ ಪೇಪರಲ್ಲಿ ಮಾಡಿಸ್ತಿದ್ರು, ಅಲ್ಲಿಂದ ಹಬ್ಬಿರ್ಬೇಕು ಅಂತ ಒಂದು ಮಾತಿದೆ.

ಈ ಶಿಶುವಿಹಾರದ ಮಾತು ಬಂದಾಗ ಅಮ್ಮನ ದನಿ ಬದಲಾಗತ್ತೆ. ನರ್ಸರಿ ಟೀಚರ್ ಟ್ರೇನಿಂಗ್ ಮಾಡಿದೋರಿಗೆಲ್ಲ ಫ್ರೋಬೆಲ್ ಹೆಸರು ಗೊತ್ತಿರತ್ತೆ, ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್, ಕಿಂಡರ್‌ಗಾರ್ಟನ್ ಅನ್ನೋ ಹೆಸರಿಟ್ಟಿದ್ದು ಅವನೇ, 1840ರಲ್ಲಿ. ಮಕ್ಕಳು ಆಡ್ತಾ ಕಲೀಲಿ ಅಂತ ಅವನು ಇಟ್ಟ ಕೆಲಸಗಳಲ್ಲಿ ಮಡಚೋದು, ಕತ್ತರಿಸೋದು, ಚುಚ್ಚೋದರ ಜೊತೆ ಕಾಗದ ಹೆಣೆಯೋದೂ ಒಂದು. ಅಮ್ಮ ತಮ್ಮ ಟ್ರೇನಿಂಗಿನ ರೆಕಾರ್ಡ್ ಬುಕ್ ಇನ್ನೂ ಇಟ್ಕೊಂಡಿದ್ದಾರೆ, ಅದರಲ್ಲಿ ಹೆಣೆದ ಕಾಗದದ ಚಾಪೆಗಳನ್ನ ಪುಟಪುಟಕ್ಕೂ ಅಂಟಿಸಿದ್ದಾರೆ, ಬಣ್ಣ ಮಾಸಿದೆ, ಒಂದು ಪಟ್ಟಿನೂ ಸಡಿಲ ಆಗಿಲ್ಲ. ಆ ಪುಸ್ತಕ ಕೇಳಿ ನೋಡಿ, ಕೇಳದೆ ತೋರಿಸಲ್ಲ. ಅದು ನೋಡಿದ ಮೇಲೆ ನನಗೆ ಅರ್ಥ ಆಯ್ತು, ಇವರು ಇದನ್ನ ಎಲ್ಲೋ ವಿಡಿಯೋ ನೋಡಿ ಕಲ್ತು ಕಲಿಸ್ತಿರೋರಲ್ಲ, ನಲವತ್ತು ವರ್ಷದ ಕೈ ಅದು.

ಬಣ್ಣದ ವಿಷಯ ಮಗಳೇ ಕೇಳಿದ್ಲು, ಯಾಕೆ ಯಾವಾಗ್ಲೂ ಕೆಂಪು ಬಿಳಿ ಅಂತ. ಡೆನ್ಮಾರ್ಕಿನ ಬಾವುಟ ಕೆಂಪು, ಅದರ ಮೇಲೆ ಬಿಳಿ ಶಿಲುಬೆ, ಅವರಿಗೆ ಆ ಬಣ್ಣ ಅಂದ್ರೆ ಪ್ರಾಣ, ಹುಟ್ಟುಹಬ್ಬಕ್ಕೂ ಕ್ರಿಸ್ಮಸ್ ಗಿಡಕ್ಕೂ ಅದನ್ನೇ ಕಟ್ಟೋರು. ಡಿಸೆಂಬರ್ 24ರ ರಾತ್ರಿ ಮನೆಮಂದಿಯೆಲ್ಲ ಕೈ ಕೈ ಹಿಡ್ಕೊಂಡು ಗಿಡದ ಸುತ್ತ ಹಾಡ್ತಾ ಸುತ್ತು ಬರ್ತಾರೆ, ಹಾರ್ಟುಗಳು ಆ ಗಿಡದ ಮೇಲೆ, ಅದರೊಳಗೆ ಮಕ್ಕಳಿಗೆ ಮಿಠಾಯಿ, ಮಸಾಲೆ ಹಾಕಿ ಸುಟ್ಟ ಪುಟ್ಟ ಪುಟ್ಟ ಬಿಸ್ಕತ್ತು. ನಾವು ಬೇರೆ ಬಣ್ಣ ಹಾಕಬಾರ್ದು ಅಂತೇನಿಲ್ಲ. ಆದ್ರೆ ಕಲಿಯೋವಾಗ ಎರಡು ಬಣ್ಣ ಎದ್ದು ಕಾಣೋ ಹಾಗೆ ಇರ್ಬೇಕು, ಇಲ್ಲಾಂದ್ರೆ ಯಾವುದು ಯಾವುದನ್ನ ನುಂಗ್ತು ಅಂತ ಕಣ್ಣಿಗೆ ಗೊತ್ತಾಗಲ್ಲ, ಇದು ನನ್ನ ಸ್ವಂತ ಅನುಭವದ ಮಾತು.

ನಮ್ಮಪ್ಪನ ವಿಷಯ ಹೇಳದೆ ಈ ರಿವ್ಯೂ ಮುಗಿಯಲ್ಲ. ಅಪ್ಪ ಇಲ್ಲಿನ ಹತ್ತಿ ಮಿಲ್ಲಲ್ಲಿ ಮಗ್ಗದ ಮೇಲೆ ಕೆಲಸ ಮಾಡಿದೋರು. ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲ ನೋಡಿದೋರು, ಮಿಲ್ಲುಗಳು ಒಂದೊಂದೇ ಬಾಗಿಲು ಹಾಕಿದ್ದೂ ನೋಡಿದೋರು. ಆಮೇಲೆ ಮಂಡಕ್ಕಿ ಭಟ್ಟಿಯಲ್ಲಿ ಲೆಕ್ಕ ಬರೆದ್ರು, ಮಗ್ಗದ ಮಾತು ಮನೆಯಲ್ಲಿ ತೆಗೀತಾನೇ ಇರ್ಲಿಲ್ಲ. ಆವತ್ತು ಮಧ್ಯಾಹ್ನ ನಾವು ಮಾಡ್ಕೊಂಡು ಬಂದ ಹಾರ್ಟನ್ನ ಮಗಳು ಅವರ ಕೈಗೆ ಕೊಟ್ಲು. ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದ್ರು. ಮೇಲಿಂದ ನೋಡಿದ್ರು, ಒಳಗೆ ಬೆರಳು ಹಾಕಿದ್ರು, ಒಂದು ಪಟ್ಟಿಯನ್ನ ಉಗುರಲ್ಲಿ ಸ್ವಲ್ಪ ಎತ್ತಿ ಅದರ ದಾರಿ ಹಿಡ್ಕೊಂಡು ಕಣ್ಣು ಓಡಿಸಿದ್ರು. "ಇದ್ರಾಗ ಹಾಸು ಯಾವ್ದು ಹೊಕ್ಕು ಯಾವ್ದು ಪುಟ್ಟಿ?" ಅಂತ ಅವಳನ್ನ ಕೇಳಿದ್ರು. ಅವಳಿಗೆ ಏನು ಗೊತ್ತು. ಅಪ್ಪನೇ ಹೇಳಿದ್ರು, ಬಟ್ಟೆಯಲ್ಲಿ ಹಾಸು ಬಿಗಿಯಾಗಿ ನಿಂತಿರತ್ತೆ, ಲಾಳಿ ಹೊಕ್ಕಿನ ದಾರ ತಗೊಂಡು ಅದರ ನಡುವೆ ಓಡಾಡತ್ತೆ, ಒಂದು ನಿಲ್ಲೋದು ಒಂದು ಓಡೋದು. "ಇದ್ರಾಗ ಹಂಗಿಲ್ಲ. ಎರಡೂ ನಿಲ್ಲತಾವೆ, ಎರಡೂ ಓಡತಾವೆ."

ನಾವು ದಿನಾ ಹಾಸುಹೊಕ್ಕು ಹಾಸುಹೊಕ್ಕು ಅಂತ ಎಷ್ಟು ಸುಲಭವಾಗಿ ಅಂತೀವಿ, ಆ ಮಾತನ್ನ ಕೈಯಿಂದ ಗೊತ್ತಿರೋರ ಬಾಯಲ್ಲಿ ನಾನು ಕೇಳಿದ್ದು ಅವತ್ತೇ. ಅವತ್ತು ಸಂಜೆ ಮಗಳು ಮತ್ತೆ ಅಪ್ಪ ಊಟದ ಟೇಬಲ್ ಮೇಲೆ ಹಳೇ ಕ್ಯಾಲೆಂಡರ್ ಹಾಳೆಗಳಲ್ಲಿ ನಾಲ್ಕು ಹಾರ್ಟು ಮಾಡಿದ್ರು. ಅಪ್ಪನ ಕೈ ಈಗ ಸ್ವಲ್ಪ ನಡುಗತ್ತೆ, ಕತ್ತರಿ ಹಿಡಿಯೋದು ಅವಳು, ಹೆಣೆಯೋದು ಅವರು, ಹೆಣೆಯೋವಾಗ ನಡುಕ ಇರ್ಲಿಲ್ಲ.

ಮನೆಯಲ್ಲಿ ಮಾಡೋರಿಗೆ ಒಂದು ಲೆಕ್ಕ, ಇದೂ ಅಲ್ಲೇ ಕಲ್ತಿದ್ದು. ಎ4 ಹಾಳೆ 21 ಸೆಂಟಿಮೀಟರ್ ಅಗಲ, 29.7 ಉದ್ದ. ಉದ್ದಕ್ಕೆ ಕತ್ತರಿಸಿದ್ರೆ 9 ಸೆಂಟಿಮೀಟರ್ ಅಗಲದ ಎರಡು ತುಂಡು ಬರತ್ತೆ, 3 ಸೆಂಟಿಮೀಟರ್ ಉಳಿಯತ್ತೆ, ಅದನ್ನ ಎರಡು ಸೀಳಿದ್ರೆ ಎರಡು ಹಿಡಿಕೆ. ಒಂದು ಕೆಂಪು ಒಂದು ಬಿಳಿ ಹಾಳೆ ಇದ್ರೆ ಎರಡು ಹಾರ್ಟು, ಏನೂ ವೇಸ್ಟಿಲ್ಲ. ತುಂಡನ್ನ ಅಡ್ಡಕ್ಕೆ ಅರ್ಧಕ್ಕೆ ಮಡಚಿ, ಮಡಿಕೆ ಕಡೆಯಿಂದ 9.3 ಸೆಂಟಿಮೀಟರ್ ಉದ್ದ ಎರಡು ಸೀಳು ಹಾಕಿ, ಆ ಕಡೆ ತುದಿಯನ್ನ ಲೋಟ ಬೋರಲು ಇಟ್ಟು ಗುಂಡಗೆ ಗೆರೆ ಎಳೆದು ಕತ್ತರಿಸಿ. ಮಡಿಕೆ ಮೇಲೆ ಉಗುರು ಎಳೀಬೇಡಿ, ಬಣ್ಣ ಹೋಗತ್ತೆ, ಚಮಚದ ಬೆನ್ನು ಎಳೆಯಿರಿ. ಜೆರಾಕ್ಸ್ ಅಂಗಡಿಯ 80 ಜಿಎಸ್ಎಮ್ ಕಾಗದ ಸಾಕು, ಅದಕ್ಕಿಂತ ಬಹಳ ದಪ್ಪ ಬೇಡ, ಕಲಿಯೋವಾಗಂತೂ ಬೇಡ್ವೇ ಬೇಡ.

ಮೂರು ಪಟ್ಟಿ ಬಂದ ಮೇಲೆ ನಾಲ್ಕು, ಹದಿನಾರು ಚೌಕ. ಆಮೇಲೆ ಪಟ್ಟಿಗಳ ಅಗಲ ಹೆಚ್ಚು ಕಮ್ಮಿ ಮಾಡೋದು, ಆಮೇಲೆ ಸೀಳನ್ನ ನೆಟ್ಟಗೆ ಹಾಕದೆ ಬಳಕಿಸಿ ಹಾಕೋದು, ಆಗ ಚೌಕಳಿ ಹೋಗಿ ಹಾರ್ಟಿನ ನಡುವೆ ಎಲೆ, ಹೂವು, ಇನ್ನೊಂದು ಪುಟ್ಟ ಹಾರ್ಟು ಮೂಡತ್ತೆ. ಅಮ್ಮನ ಗೋಡೆ ಮೇಲೆ ಅಂಥದ್ದು ಒಂದಿದೆ, ಹತ್ತಿರ ಹೋಗಿ ನೋಡಿದ್ರೂ ಎರಡೇ ತುಂಡು ಕಾಗದ ಅಂತ ನಂಬೋಕಾಗಲ್ಲ.

ಈಗ ಕೊರತೆಗಳು. ಮಧ್ಯಾಹ್ನ ಎರಡರಿಂದ ನಾಲ್ಕೂವರೆ ಅಂಗಡಿ ಪೂರ್ತಿ ಬಂದ್, ಫೋನೂ ಎತ್ತಲ್ಲ, ನಾನು ಒಂದು ಸಲ ಆಫೀಸಿಂದ ಪರ್ಮಿಷನ್ ಹಾಕಿ ಹೋಗಿ ಬಾಗಿಲು ನೋಡ್ಕೊಂಡು ಬಂದೆ. ಮಾಳಿಗೆ ಮೆಟ್ಟಿಲು ಬಹಳ ಕಡಿದು, ಹಿಡ್ಕೊಳ್ಳೋಕೆ ಹಗ್ಗ ಕಟ್ಟಿದ್ದಾರೆ, ಮಂಡಿ ನೋವಿನೋರಿಗೆ ಆಗಲ್ಲ, ನಾನು ಇದನ್ನ ಅಮ್ಮನಿಗೇ ಹೇಳಿದ್ದೀನಿ, ಅಂಥೋರು ಬಂದ್ರೆ ಕೆಳಗೇ ಕೂರಿಸಿ ಕಲಿಸ್ತೀನಿ ಅಂದ್ರು, ಹೋಗೋ ಮೊದ್ಲು ಕೇಳ್ಕೊಳ್ಳಿ. ಕ್ಲಾಸಿನ ಕತ್ತರಿಗಳಲ್ಲಿ ಮೂರು ಮೊಂಡು, ಮನೆಯಿಂದ ನಿಮ್ಮದೇ ತಗೊಂಡು ಹೋದ್ರೆ ಒಳ್ಳೇದು. ಅವರು ಕೊಡೋ ಕನ್ನಡದ ಹಾಳೆ ಚೆನ್ನಾಗಿದೆ, ಚಿತ್ರ ಎಲ್ಲ ಕೈಯಲ್ಲೇ ಬರೆದಿದ್ದು, ಆದ್ರೆ ನಾಲ್ಕನೇ ಚಿತ್ರದ ಕೆಳಗೆ "ಒಳಗೆ ಹಾಕಿ" ಅಂತಷ್ಟೇ ಇದೆ, ಯಾವುದರ ಒಳಗೆ ಅಂತ ಇಲ್ಲ, ಕ್ಲಾಸಿಗೆ ಬರದೆ ಹಾಳೆ ಮಾತ್ರ ತಗೊಂಡು ಹೋದೋರು ಅಲ್ಲೇ ಸಿಕ್ಕಿಬೀಳ್ತಾರೆ. ಬಿಳಿ ಪಟ್ಟಿ ಕೆಂಪು ಪಟ್ಟಿಯ ಎರಡು ಪದರದ ನಡುವೆ ಅಂತ ಬರೆದ್ರೆ ಸಾಕು. ಮುಂದಿನ ಸಲ ತಿದ್ದಿಸ್ತೀವಿ ಅಂದಿದ್ದಾರೆ.

ರೇಟು. ಕ್ಲಾಸಿಗೆ ತಲೆಗೆ ನೂರು ರೂಪಾಯಿ, ಕಾಗದ ಅದರಲ್ಲೇ, ನಡುವೆ ಒಂದು ಲೋಟ ಟೀ, ಮಕ್ಕಳಿಗೆ ಮಂಡಕ್ಕಿ. ಆರು ಹಾರ್ಟಿಗಾಗೋ ಕತ್ತರಿಸಿದ ತುಂಡಿನ ಕಟ್ಟು ಅರವತ್ತು ರೂಪಾಯಿ. ರೆಡಿ ಹಾರ್ಟು ನಲವತ್ತಕ್ಕೆ ಒಂದು, ಅವಸರದಲ್ಲಿರೋರು ತಗೋಬಹುದು, ಆದ್ರೆ ನನ್ನ ಕೇಳಿದ್ರೆ ಆ ದುಡ್ಡಿಗೆ ಇನ್ನೊಂದು ಅರವತ್ತು ಸೇರಿಸಿ ಎರಡೂವರೆ ಗಂಟೆ ಕೂತು ಬನ್ನಿ. ಆನ್‌ಲೈನ್ ಕಿಟ್ಟಿನ 349 ರೂಪಾಯಲ್ಲಿ ನಾವು ಮೂರು ಜನ ಕ್ಲಾಸು ಮುಗಿಸಿ ಆಟೋದಲ್ಲಿ ವಿದ್ಯಾನಗರಕ್ಕೆ ಬರೋವಷ್ಟು ಉಳೀತಿತ್ತು.

ಕ್ರಿಸ್ಮಸ್ಸಿಗೆ ಪಕ್ಕದ ಮನೆ ಅಕ್ಕನ ಗಿಡಕ್ಕೆ ಮಗಳು ಹನ್ನೆರಡು ಮಾಡ್ಕೊಟ್ಲು, ಅಕ್ಕ ಅದರಲ್ಲಿ ಕಲ್ಕಲ್ ಅನ್ನೋ ಕರಿದ ಸಿಹಿ ತಿಂಡಿ ತುಂಬಿಸಿ ಬೀದಿ ಮಕ್ಕಳಿಗೆಲ್ಲ ಕೊಟ್ರು. ಈಗ ಸಂಕ್ರಾಂತಿಗೆ ಹಸಿರು ಹಳದಿಯಲ್ಲಿ ಮಾಡ್ತಿದ್ದೀವಿ, ಎಳ್ಳು ಬೀರೋಕೆ ಪ್ಲಾಸ್ಟಿಕ್ ಪೊಟ್ಟಣದ ಬದಲು. ಮೊನ್ನೆ ಒಂದು ಹಾರ್ಟಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಕಡ್ಲೆ ತುಂಬಿ ರಾತ್ರಿಯಿಡೀ ಮೊಳೆಗೆ ನೇತು ಹಾಕಿ ನೋಡಿದ್ವಿ, ಹರೀಲಿಲ್ಲ, ಆದ್ರೆ ಕೊಬ್ಬರಿ ಎಣ್ಣೆ ಕಾಗದಕ್ಕೆ ಹತ್ತಿತ್ತು. ಒಳಗೆ ಒಂದು ಚೂರು ಬಟರ್ ಪೇಪರ್ ಇಟ್ಟ ಮೇಲೆ ಸರಿ ಹೋಯ್ತು. ಸಂಕ್ರಾಂತಿ ದಿನ ಹರಿಹರಕ್ಕೆ ಹೊಳೆ ಸ್ನಾನಕ್ಕೆ ಹೋಗೋವಾಗ ಬುತ್ತಿ ಜೊತೆ ಇಪ್ಪತ್ತು ತಗೊಂಡು ಹೋಗ್ಬೇಕು ಅಂತ ಅವಳ ಲೆಕ್ಕ, ಹದಿನಾಲ್ಕು ಆಗಿದಾವೆ.

ಬರೋ ಭಾನುವಾರ ನಾಲ್ಕು ಪಟ್ಟಿಯ ಕ್ಲಾಸು. ಅಪ್ಪನೂ ಮಗಳೂ ಹೆಸರು ಬರೆಸಿದ್ದಾರೆ, ಅಪ್ಪನಿಗೆ ಕೆಳಗೇ ಚಾಪೆ ಹಾಕ್ತೀನಿ ಅಂತ ಅಮ್ಮ ಹೇಳಿದ್ದಾರೆ. ನಿನ್ನೆ ಕೇಳಿದಾಗ ಎಂಟರಲ್ಲಿ ಮೂರು ಜಾಗ ಉಳಿದಿತ್ತು, ಹೋಗೋರು ಬೆಳಿಗ್ಗೆ ಹತ್ತರ ಮೇಲೆ ಎರಡರೊಳಗೆ ಅಂಗಡಿಗೇ ಹೋಗಿ ಬರೆಸಿ, ಕತ್ತರಿ ಮರೀಬೇಡಿ.